ನದಿಯಾಚೆ ಗಂಟೆ ಹನ್ನೊಂದು

ಜೂನ್ 17, ಸೋಮವಾರ. ಬೆಳಿಗ್ಗೆ 10. ಸೊದಾನ್‌ಕ್ಯುಲಾ, ಪೆಟ್ರೋಲ್ ಬಂಕ್

ಎರಡನೇ ಕಾಫಿ. ಮೂರನೇ ಡೋನಟ್... ಇಂಪಿ ಲೆಕ್ಕದಲ್ಲಿ ಮೊದಲನೇದು. ಅವಳು ಟಾಯ್ಲೆಟ್ಟಿಗೆ ಹೋಗಿದ್ದಾಗ ಎರಡು ಮುಗಿಸ್ದೆ. ಮೀಸೆ ಒರೆಸ್ಕೊಂಡು ಸಂಭಾವಿತನ ಹಾಗೆ ಕೂತಿದ್ದೆ.

"ಓಯ್ವಾ, ನಿನ್ನ ಮೂಗಿನ ಮೇಲೆ ಸಕ್ಕರೆ."

"ಹಿಮ ಕಣೆ. ನಮ್ಮ ಉತ್ತರ ಫಿನ್‌ಲೆಂಡಲ್ಲಿ ಜೂನಲ್ಲೂ ಬೀಳುತ್ತೆ."

"ಬೀಳುತ್ತೆ. ಸಿಹಿಯಾಗಿ ಬೀಳಲ್ಲ."

ಹೆಸರು ಇಂಪಿ. ಮಾತು ಅಷ್ಟೇನೂ ಇಂಪಿಲ್ಲ. ನಲವತ್ತಾರು ವರ್ಷದಿಂದ ಹೇಳ್ತಿರೋ ಜೋಕು. ಅವಳು ನಕ್ಕಿದ್ದು ಒಂದು ಸಲ, ಮದುವೆ ದಿನ. ಅದೂ ಮರ್ಯಾದೆಗೆ.

ಮನೇಲಿ ಕೂತು ಕಾಯೋದು ಬೇಡ ಅಂದಿದ್ದು ಅವಳೇ. ಎರಡು ವಾರದ ಹಿಂದೆ ಆಸ್ಪತ್ರೇಲಿ ಅವಳ ಎದೆಯ ಗಂಟಿಗೆ ಸೂಜಿ ಚುಚ್ಚಿ ಒಂದು ಚೂರು ತೆಗೆದ್ರು. ಗುರುವಾರ ಮಧ್ಯಾಹ್ನ ಹನ್ನೆರಡರಿಂದ ಒಂದರ ಒಳಗೆ ಡಾಕ್ಟರು ಫೋನ್ ಮಾಡ್ತಾರೆ. ಒಳ್ಳೇದೋ ಕೆಟ್ಟದ್ದೋ, ಆಗ್ಲೇ ಗೊತ್ತಾಗೋದು.

"ಅಲ್ಲೀವರೆಗೂ ಗೋಡೆ ನೋಡ್ತಾ ಕೂರೋಕಾಗಲ್ಲ. ನಿನ್ನ ಹಳೇ ರಸ್ತೆ ತೋರಿಸು," ಅಂದ್ಲು.

ಮೂವತ್ತನಾಲ್ಕು ವರ್ಷ ಈ ರಸ್ತೇಲಿ ಲೈಬ್ರರಿ ಬಸ್ ಓಡಿಸ್ದೆ. ಅವಳು ಒಂದು ಸಲಾನೂ ಬಂದಿರ್ಲಿಲ್ಲ. ಶಾಲೆ ಅಡುಗೆಮನೇಲಿ ಮುನ್ನೂರು ಮಕ್ಕಳಿಗೆ ಗಂಜಿ ಬೇಯಿಸ್ತಿದ್ಲು. ಪುರುಸೊತ್ತೆಲ್ಲಿ.

ನನಗೆ ಒಂದೇ ಷರತ್ತು. ಗಂಟಿನ ಮೇಲೆ ಜೋಕು ಮಾಡೋ ಹಾಗಿಲ್ಲ. ಒಪ್ಕೊಂಡೆ. ಅದಕ್ಕೇ ಇಲ್ಲಿ ಬರ್ಕೋತೀನಿ: ಅವಳ ಎದೇಲೊಂದು ಗಂಟು, ನನ್ನ ಗಂಟಲಲ್ಲೊಂದು ಗಂಟು, ಎರಡರ ಮಧ್ಯೆ ಗುರುವಾರದ ಗಂಟೆ. ಆಯ್ತು. ಹೊರಗೆ ಬಂತು. ಇನ್ನು ಬಾಯಿ ಮುಚ್ತೀನಿ.


ಜೂನ್ 18, ಮಂಗಳವಾರ. ಮಧ್ಯಾಹ್ನ 2. ಇನಾರಿ ಸರೋವರದ ಪಕ್ಕ, ಗಾಡಿ ನಿಲ್ಲಿಸೋ ಜಾಗ

ಮರದ ಮೇಜು, ಎರಡು ಬೆಂಚು, ಒಂದು ಕಕ್ಕಸು, ಒಂಬತ್ತು ಲಕ್ಷ ಸೊಳ್ಳೆ. ನಾನು ಬಿಟ್ಟು ಹೋದ ಹಾಗೇ ಇದೆ.

ಇಲ್ಲಿಗೆ ಬರೋಕೆ ಮುಂಚೆ ನಡುರಸ್ತೇಲಿ ಏಳು ಹಿಮಸಾರಂಗ. ಟಾರಿನ ಮೇಲೆ ಗಾಳಿ ಚೆನ್ನಾಗಿ ಬೀಸುತ್ತೆ, ಸೊಳ್ಳೆ ಕೂರಲ್ಲ. ಅದಕ್ಕೆ ಬಂದು ನಿಂತ್ಕೋತಾವೆ. ಹದಿನೈದು ನಿಮಿಷ ಕದಲ್ಲಿಲ್ಲ. ನಮ್ಮ ಹಿಂದೆ ಒಂದು ಜರ್ಮನ್ ಗಾಡಿ, ಮನೆಯಷ್ಟು ದೊಡ್ಡದು. ಹಾರ್ನ್ ಹೊಡ್ದ. ಅವಕ್ಕೆ ಜರ್ಮನ್ ಬರಲ್ಲ. ಇಳಿದು ಬಂದು ಕೇಳ್ದ, ಇನ್ನೆಷ್ಟೊತ್ತು ಹೀಗೇ ನಿಂತಿರ್ತಾವೆ ಅಂತ.

"ಸಂಘದ ವಾರ್ಷಿಕ ಸಭೆ," ಅಂದೆ. "ಮೂರನೇ ವಿಷಯ ಮುಗೀತು. ಇನ್ನು ವಂದನಾರ್ಪಣೆ ಒಂದೇ ಬಾಕಿ."

ಅವನು ಗಂಭೀರವಾಗಿ ತಲೆ ಆಡಿಸ್ದ. ಅಷ್ಟರಲ್ಲೇ ಒಂದು ಸಾರಂಗ ರಸ್ತೆ ಮೇಲೆ ಹಿಕ್ಕೆ ಹಾಕ್ತು. "ನೋಡಿ, ವಂದನಾರ್ಪಣೆ," ಅಂದೆ. ಸಾರಂಗಗಳು ಸಾಲಾಗಿ ಹೊರಟ್ವು. ಆ ಜರ್ಮನ್ ತನ್ನ ಹೆಂಡತಿ ಹತ್ರ ಹೋಗಿ ಏನು ಹೇಳಿದ್ನೋ, ಅವಳು ಫೋಟೋ ತೆಗೆದ್ಲು. ನಂದು.

ಇಂಪಿ ಕಾರಲ್ಲಿ ಬಿದ್ದು ಬಿದ್ದು ನಕ್ಕಳು. ನಗ್ತಾ ನಗ್ತಾ ಕೈ ಎದೆಗೆ ಹೋಯ್ತು. ಎರಡು ವಾರದಿಂದ ಹೀಗೇ. ನಕ್ಕಾಗ, ಕೆಮ್ಮಿದಾಗ, ಬಾಗಿಲು ಜೋರಾಗಿ ಬಡ್ಕೊಂಡಾಗ... ಕೈ ಅಲ್ಲಿಗೇ ಹೋಗುತ್ತೆ. ಅವಳಿಗೆ ಗೊತ್ತಾಗಲ್ಲ. ನನಗೆ ಗೊತ್ತಾಗುತ್ತೆ.

ಇನ್ನೆರಡು ದಿನ.


ಜೂನ್ 19, ಬುಧವಾರ. ಸಂಜೆ 5. ಕರಿಗಸ್ನಿಯೆಮಿ, ಅಂಗಡಿ ಮುಂದಿನ ಬೆಂಚು

ಬಿಸಿ ಕಾಫೀಲಿ ಸುಟ್ಟ ಗಿಣ್ಣಿನ ತುಂಡು ಮುಳುಗಿಸಿ ತಿಂದ್ವಿ. ಹಲ್ಲಿಗೆ ಸಿಕ್ಕರೆ ಕೀಚ್ ಅನ್ನುತ್ತೆ. ಹಲ್ಲಿಲ್ಲದ ಕಡೆ ಸಿಕ್ಕರೆ ಮೌನ.

"ನಿನ್ನ ಗಿಣ್ಣು ಮಾತಾಡ್ತಾ ಇದೆ," ಅಂದ್ಲು ಇಂಪಿ.

"ನನಗಿಂತ ಕಡಿಮೆ ಮಾತಾಡುತ್ತೆ."

"ನಿನಗಿಂತ ಜಾಸ್ತಿ ಅರ್ಥ ಆಗುತ್ತೆ."

ನಾಳೆಯಿಂದ ತೇನೊ ನದಿ ಪಕ್ಕದ ರಸ್ತೆ. ಈ ದಡ ನಮ್ಮ ಫಿನ್‌ಲೆಂಡ್, ಆ ದಡ ನಾರ್ವೆ. ಅವರ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ. ಫೋನಿಗೆ ಪಾಪ ದೇಶಭಕ್ತಿ ಇಲ್ಲ. ಯಾವ ದಡದ ಟವರ್ ಸಿಗುತ್ತೋ ಆ ದೇಶದ ಗಂಟೆ ತೋರ್ಸುತ್ತೆ. ಒಂದು ತಿರುವಲ್ಲಿ ಹತ್ತು, ಮುಂದಿನ ತಿರುವಲ್ಲಿ ಒಂಬತ್ತು. ಈ ಊರಿನವರೇ ಮೋಸ ಹೋಗ್ತಾರೆ. ಬಸ್ ಓಡಿಸೋ ಕಾಲದಲ್ಲಿ ನಾನು ಕೈಗಡಿಯಾರ ಬಿಟ್ಟು ಬೇರೆ ಯಾವುದನ್ನೂ ನಂಬ್ತಿರ್ಲಿಲ್ಲ.

ಇಂಪಿಗೆ ಇದನ್ನ ಹೇಳ್ಬೇಕು ಅಂತ ಇದ್ದೆ. ಗಿಣ್ಣಿನ ಗಲಾಟೇಲಿ ಮರ್ತೆ. ರಾತ್ರಿ ಊಟಕ್ಕೆ ಹೇಳ್ತೀನಿ.


ಜೂನ್ 20, ಗುರುವಾರ. ಸಂಜೆ 4. ತೇನೊ ದಡ

ಫೋನ್ ಎತ್ತಲಿಲ್ಲ ನಾನು. ಮೊದಲು ಅದನ್ನ ಬರೆದುಬಿಡ್ತೀನಿ. ಆಮೇಲೆ ಉಳಿದಿದ್ದು.

ನದಿ ಪಕ್ಕ ಮೇಜು ಬೆಂಚು ಇರೋ ಜಾಗ. ಥರ್ಮಾಸ್ ತೆಗೆದ್ವಿ. ಅವಳ ಫೋನು ಮೇಜಿನ ಮೇಲೆ, ಗಂಟೆ 11:15 ಅಂತ ತೋರಿಸ್ತಾ ಇತ್ತು. ನನ್ನ ಕೈಗಡಿಯಾರದಲ್ಲಿ 12:15.

"ಇನ್ನೂ ಮುಕ್ಕಾಲು ಗಂಟೆ ಇದೆ," ಅಂದ್ಲು. "ಸುಮ್ನೆ ಕೂತ್ರೆ ಹುಚ್ಚು ಹಿಡಿಯುತ್ತೆ. ನದೀಲಿ ಕಾಲು ಇಳಿಬಿಟ್ಟು ಬರ್ತೀನಿ. ಫೋನ್ ನೋಡ್ಕೋ."

ಬಾಯಿ ತೆರೆದೆ. ಮುಚ್ದೆ. ಹೇಳೋಕೆ ಒಂದೇ ವಾಕ್ಯ ಸಾಕಾಗಿತ್ತು. ನಿನ್ನೆ 'ಮರ್ತೆ' ಅಂತ ಬರ್ದಿದೀನಿ. ಮರೆತಿದ್ನಾ? ರಾತ್ರಿ ಊಟಕ್ಕೂ ಹೇಳ್ಲಿಲ್ವಲ್ಲ.

ಅವಳು ಇಳಿಜಾರು ಇಳಿದು ಕಲ್ಲಿನ ಮೇಲೆ ಕೂತ್ಳು. ಬೆನ್ನು ಮಾತ್ರ ಕಾಣ್ತಾ ಇತ್ತು. ಪ್ಯಾಂಟು ಮೊಣಕಾಲಿನ ತನಕ ಮಡಚಿದ್ಲು. ಹಾಡು ಗುನುಗ್ತಾ ಇದ್ಲು, ಇಲ್ಲೀ ತನಕ ಕೇಳಿಸ್ತಿತ್ತು. ಎರಡು ವಾರದಿಂದ ಗುನುಗಿರ್ಲಿಲ್ಲ.

12:20ಕ್ಕೆ ಫೋನು ಹೊಡ್ಕೊಳ್ತು.

ಸದ್ದಿಗಿಂತ ನಡುಕ ಜಾಸ್ತಿ. ಮರದ ಮೇಜಿನ ಮೇಲೆ ಜೀರುಂಡೆ ಥರ ತಿರುಗ್ತಾ ನನ್ನ ಕಡೆಗೇ ಬಂತು. ಆಸ್ಪತ್ರೆ ನಂಬರು. ನಾಳೆ ಹಬ್ಬ. ನಡುಬೇಸಿಗೆ ಹಬ್ಬ. ಇಡೀ ದೇಶ ಬಾಗಿಲು ಹಾಕೋ ಹಬ್ಬ. ಈಗ ಎತ್ತಿ, ಕೆಟ್ಟ ಸುದ್ದಿ ಬಂದ್ರೆ ಅವಳು ಆ ಕಲ್ಲಿನ ಮೇಲಿಂದ ಎದ್ದು ಬರಬೇಕು. ಎತ್ತದಿದ್ರೆ ಸೋಮವಾರದ ತನಕ ಏನೂ ಆಗಿಲ್ಲ. ನಾಲ್ಕು ದಿನ ಬರೀ ಹಬ್ಬ.

ಹೀಗೆಲ್ಲ ಯೋಚನೆ ಮಾಡ್ದೆ ಅಂತ ಈಗ ಬರೀತಿದೀನಿ. ಆಗ ಮಾಡಿದ್ದು ಇಷ್ಟೇ: ಫೋನಿನ ಮೇಲೆ ನನ್ನ ಟೋಪಿ ಇಟ್ಟೆ.

ಎಂಟು ಸಲ ಹೊಡೀತು. ಹತ್ತು ನಿಮಿಷ ಬಿಟ್ಟು ಮತ್ತೆ ಎಂಟು ಸಲ. ಟೋಪಿ ನಡುಗ್ತಾ ಇತ್ತು. ಸದ್ದು ನಿಂತ ಮೇಲೆ ಟೋಪಿ ತೆಗೆದು ತಲೆಗೆ ಹಾಕ್ಕೊಂಡೆ.

ಅವಳು ಬಂದ್ಲು. ಇಬ್ರೂ ಕಾದ್ವಿ. ಫೋನಲ್ಲಿ ಹನ್ನೆರಡಾಯ್ತು, ಹನ್ನೆರಡೂವರೆ ಆಯ್ತು, ಒಂದಾಯ್ತು. ಆಮೇಲೆ ನನ್ನ ಕೈಗಡಿಯಾರದ ಮೇಲೆ ಅವಳ ಕಣ್ಣು ಬಿತ್ತು.

"ಓಯ್ವಾ... ನಿಂದ್ರಲ್ಲಿ ಎರಡು ಯಾಕಾಗಿದೆ?"

ಫೋನು ತಗೊಂಡು ಮೂಲೇಲಿದ್ದ ಚಿಕ್ಕ ಗುರುತು ಒತ್ತಿ ನೋಡಿದ್ಲು. ಎರಡು ಮಿಸ್ಡ್ ಕಾಲ್.

"ಅಯ್ಯೋ ದೇವ್ರೇ. ನಾರ್ವೆ ಗಂಟೆ! ನೀನು ಇಲ್ಲೇ ಇದ್ಯಲ್ಲ, ಕೇಳಿಸ್ಲಿಲ್ವಾ?"

"ಪೊದೆ ಹಿಂದೆ ಹೋಗಿದ್ದೆ," ಅಂದೆ. "ಉಚ್ಚೆಗೆ."

ವಾಪಸ್ ಮಾಡಿದ್ಲು. ಹಬ್ಬಕ್ಕೆ ಬೇಗ ಮುಚ್ಚಿದ್ದೇವೆ, ಸೋಮವಾರ ನಾವೇ ಕರೆ ಮಾಡುತ್ತೇವೆ ಅಂತ ಒಂದು ರೆಕಾರ್ಡ್ ಹೆಂಗಸು. ನಾಲ್ಕು ಸಲ ಕೇಳಿದ್ಲು ಅದನ್ನ. ಐದನೇ ಸಲ ಏನಾದ್ರೂ ಬೇರೆ ಹೇಳ್ಬಹುದು ಅನ್ನೋ ಹಾಗೆ.


ಜೂನ್ 21, ಶುಕ್ರವಾರ. ಬೆಳಿಗ್ಗೆ 11. ಉತ್ಸ್‌ಯೊಕಿ, ಸೇತುವೆ ಹತ್ರದ ಕಾಫಿ ಅಂಗಡಿ

ಅಂಗಡಿ ರಿಸ್ತಿನ್‌ದು. ಚಿಕ್ಕ ಹುಡುಗಿಯಿಂದ ನನ್ನ ಬಸ್ಸಿನ ಗಿರಾಕಿ, ಈಗ ಐವತ್ತು ದಾಟಿದೆ. ಇಂಪಿ ಹೆಸರು ನನ್ನ ಬಾಯಲ್ಲಿ ಕೇಳಿಯೇ ಗೊತ್ತು ಅವಳಿಗೆ. ಕಂಡ ತಕ್ಷಣ ಬೈದ್ಲು.

"ಬಾ, ಪಾಪಿ ಮುದುಕ! ಇಂಪಿ, ನಿನ್ನ ಗಂಡ ಏನ್ ಮಾಡ್ತಿದ್ದ ಗೊತ್ತಾ? ಪತ್ತೇದಾರಿ ಪುಸ್ತಕದ ಮೊದಲನೇ ಪುಟದಲ್ಲಿ 'ಕೊಲೆಗಾರ ಅಂಚೆಯವನು' ಅಂತ ಪೆನ್ಸಿಲಲ್ಲಿ ಬರ್ದಿಡ್ತಿದ್ದ. ನಾನು ಇಡೀ ಪುಸ್ತಕ ಅಂಚೆಯವನ್ನ ಬೈತಾ ಓದೋದು. ಕೊನೇಲಿ ನೋಡಿದ್ರೆ ಕೊಲೆಗಾರ ಪಾದ್ರಿ!"

"ಅಂಚೆಯವನು ನಿರಪರಾಧಿ ಅಂತ ಗೊತ್ತಾದಾಗ ಎಷ್ಟು ಸಮಾಧಾನ ಆಗ್ತಿತ್ತು ಹೇಳು," ಅಂದೆ. "ಅದು ನನ್ನ ಸೇವೆ."

"ನಮ್ಮೂರ ಅಂಚೆಯವನನ್ನ ಕೇಳು. ಎರಡು ವರ್ಷ ಅವನ ಮುಖ ನೋಡಿರ್ಲಿಲ್ಲ ನಾನು."

ಇಂಪಿ ನಿನ್ನೆ ಆಗಿದ್ದು ಹೇಳಿದ್ಲು. ಗಂಟಿನ ವಿಷಯಾನೂ ಹೇಳಿದ್ಲು, ಆಲೂಗಡ್ಡೆ ರೇಟು ಹೇಳೋ ಹಾಗೆ. ರಿಸ್ತಿನ್ ಕೈಲಿದ್ದಿದ್ದನ್ನ ಕೆಳಗಿಟ್ಟು ಪಕ್ಕದಲ್ಲಿ ಕೂತ್ಳು.

"ಬೈಕೋಬೇಡ ನಿನ್ನನ್ನ. ಹುಟ್ಟಿದಾಗಿಂದ ಇಲ್ಲಿರೋ ನಾವೇ ಹಳ್ಳಕ್ಕೆ ಬೀಳ್ತೀವಿ. ನನ್ನ ನಾದಿನಿ ಆಚೆ ದಡದಲ್ಲಿ ಮಗೂಗೆ ಹೆಸರಿಟ್ಟಾಗ ನಾವು ಒಂದು ಗಂಟೆ ಮುಂಚೆ ಹೋಗಿ ಕೂತ್ವಿ. ಯಾರೂ ಇಲ್ಲ. ಕೇಕ್ ಮಾತ್ರ ಇತ್ತು. ಅವರು ಬರೋ ಹೊತ್ತಿಗೆ ಕೇಕೂ ಇರ್ಲಿಲ್ಲ. ಎಲ್ಲರೂ ಮಾಡೋ ತಪ್ಪು ಕಣೆ ಇದು."

"ನಾನು ಪೆದ್ದಿ," ಅಂದ್ಲು ಇಂಪಿ. "ಫೋನ್ ನಂಬ್ಕೊಂಡು ಕಾಲು ತೊಳೀತಾ ಕೂತಿದ್ದೆ. ಓಯ್ವಾನಾದ್ರೂ ಏನ್ ಮಾಡ್ತಾನೆ."

ರಿಸ್ತಿನ್ ನನ್ನ ಕಡೆ ನೋಡಿದ್ಲು. "ಏನು, ನಿನ್ನ ಬಾಯಲ್ಲಿ ಜೋಕು ಬರ್ತಿಲ್ಲ?"

ಬರಲಿಲ್ಲ. ಇಷ್ಟು ವರ್ಷದಲ್ಲಿ ಊರಿಗೇ ಗೊತ್ತಾಗದ ಹಾಗೆ ಮಾಡಿದ ಒಂದೇ ಕಿತಾಪತಿ. ನಗೋಕೆ ಯಾರೂ ಇಲ್ಲ.


ಜೂನ್ 22, ಶನಿವಾರ. ನುವೊರ್ಗಾಮ್, ಬಾಡಿಗೆ ಗುಡಿಸಲು

ನಾಲ್ಕು ದಿನದ ಹಬ್ಬ ಕೊಡ್ತೀನಿ ಅಂತ ಅಂದ್ಕೊಂಡಿದ್ದೆ. ಎಂಥ ಹಬ್ಬ.

ನಿನ್ನೆ ಎಲ್ಲ ಆಯ್ತು. ಸೌನಾದಲ್ಲಿ ಹಬೆ ಸ್ನಾನ ಆಯ್ತು. ನದಿ ದಡದಲ್ಲಿ ಬೆಂಕಿ ಹಾಕಿದ್ರು, ನೋಡಿದ್ವಿ. ಹೊಸ ಆಲೂಗಡ್ಡೆ, ಮೀನು, ಸಬ್ಬಸಿಗೆ. ಆಲೂಗಡ್ಡೆ ಸುಲೀತಾ ಕೂತವಳು ನಿಲ್ಲಿಸ್ಲೇ ಇಲ್ಲ. ಇಬ್ಬರಿಗೆ ಇಡೀ ಚೀಲ. ಶಾಲೆ ಮಕ್ಕಳು ಬರ್ತಾರಾ ಅಂತ ಕೇಳ್ದೆ. ಚಾಕು ನೋಡ್ಕೊಂಡು, "ಕೈಗೆ ಕೆಲ್ಸ ಬೇಕು," ಅಂದ್ಲು.

ನಿದ್ದೆ ಮಾಡ್ತಿಲ್ಲ. ಸೂರ್ಯನೂ ಮಲಗಲ್ಲ, ಅವಳೂ ಮಲಗಲ್ಲ. ನಾನು ಗೊರಕೆ ಹೊಡೆಯೋ ನಾಟಕ ಮಾಡ್ತೀನಿ. ಗೊರಕೆ ಜಾಸ್ತಿ ಆಯ್ತು ಅಂತ ಒಂದು ಸಲ ಒದ್ದಳು.

ಹಬ್ಬದ ದಿನ ಮದುವೆ ಆಗದ ಹುಡುಗೀರು ಏಳು ಥರದ ಹೂ ಕಿತ್ತು ದಿಂಬಿನ ಕೆಳಗಿಟ್ಕೋತಾರೆ. ಕನಸಲ್ಲಿ ಗಂಡ ಆಗೋನು ಬರ್ತಾನೆ ಅಂತ. ಇಂಪಿ ಎಪ್ಪತ್ತೊಂದನೇ ವಯಸ್ಸಲ್ಲಿ ಹೊಲದ ಅಂಚಿಗೆ ಹೋಗಿ ಏಳು ಹೂ ತಂದ್ಲು.

"ಯಾರಪ್ಪ ಹೊಸ ಗಂಡು?" ಅಂದೆ.

"ನನಗಲ್ಲ." ನನ್ನ ದಿಂಬು ಎತ್ತಿ ಅದರ ಕೆಳಗಿಟ್ಳು. "ನಿನಗೆ. ನನ್ನ ನಂತರ ಯಾರು ಬರ್ತಾಳೆ ನೋಡ್ಕೋ. ಅಡುಗೆ ಬರುತ್ತಾ ಕೇಳು. ಡೋನಟ್ ಲೆಕ್ಕ ಇಡೋಕೆ ಬರುತ್ತಾ ಕೇಳು."

ಅವಳ ಜೋಕು. ನಗಬೇಕಿತ್ತು. ಮುಖ ತೊಳ್ಕೊಂಡು ಬರ್ತೀನಿ ಅಂತ ಎದ್ದು ಹೋದೆ. ತುಂಬ ಹೊತ್ತು ತೊಳ್ದೆ.


ಜೂನ್ 24, ಸೋಮವಾರ. ಬೆಳಿಗ್ಗೆ 10:15. ನುವೊರ್ಗಾಮಿನಿಂದ ಈಚೆಗೆ, ಬೆಟ್ಟದ ಮೇಲಿನ ಗಾಡಿ ನಿಲ್ದಾಣ

ಅಕ್ಷರ ಸೊಟ್ಟ. ಇರ್ಲಿ.

ಗುಡಿಸಲಲ್ಲಿ ಕೂರೋಕಾಗಲ್ಲ ಅಂದ್ಲು. ಎಂಟಕ್ಕೇ ಹೊರಟ್ವಿ. ಫೋನಿನ ಗಂಟೆ ತಾನೇ ಬದಲಾಗೋದನ್ನ ಬಂದ್ ಮಾಡಿ ಅವಳೇ ಕೈಯಾರೆ ಫಿನ್‌ಲೆಂಡ್ ಗಂಟೆ ಇಟ್ಟಿದ್ಲು. ಸಾಲದು ಅಂತ ನನ್ನ ಕೈಗಡಿಯಾರ ಬಿಚ್ಚಿಸಿ ತಾನು ಕಟ್ಕೊಂಡ್ಲು. ಇಲ್ಲಿ ನಿಲ್ಸು, ಸಿಗ್ನಲ್ ಚೆನ್ನಾಗಿದೆ ಅಂದ್ಲು. ನಿಲ್ಲಿಸ್ದೆ. ಇಳಿದು ಕಾರಿಗೆ ಒರಗಿ ನಿಂತ್ವಿ.

9:40ಕ್ಕೆ ಹೊಡೀತು. ನನ್ನ ಕಡೆ ಚಾಚಿದ್ಲು.

"ನೀನೇ ಎತ್ತು. ನನ್ನ ಕೈಲಾಗಲ್ಲ."

ಎತ್ತಿದೆ. ಈ ಸಲ ಎತ್ತಿದೆ. ಚಿಕ್ಕ ವಯಸ್ಸಿನ ಹೆಣ್ಣು ದನಿ, ಬೇಸಿಗೆಗೆ ಬಂದಿರೋ ಬದಲಿ ಡಾಕ್ಟರಂತೆ. "ನಾನು ಇಂಪಿಯವರ ಹತ್ರಾನೇ ಮಾತಾಡ್ಬೇಕು." ಫೋನು ಅವಳ ಕಿವಿಗೆ ಹಿಡ್ದೆ. ನನಗೆ ಒಂದು ಮಾತೂ ಕೇಳಿಸ್ತಿರ್ಲಿಲ್ಲ.

"ಹೂಂ," ಅಂದ್ಲು. ಉಸಿರು ಒಳಕ್ಕೆ ಎಳ್ಕೊಂಡು ಹೇಳೋ ಹೂಂ, ನಮ್ಮ ಕಡೆಯ ಹೂಂ. ಮನೆ ಸುಟ್ಟು ಹೋಗಿದೆ ಅಂದ್ರೂ ಅದೇ ಹೂಂ, ಮೊಮ್ಮಗು ಹುಟ್ಟಿದೆ ಅಂದ್ರೂ ಅದೇ. "ಹೂಂ... ಹೂಂ... ಸರಿ. ಹೂಂ."

ಮುಖ ನೋಡ್ದೆ. ಏನೂ ಇಲ್ಲ ಮುಖದಲ್ಲಿ. ನಲವತ್ತಾರು ವರ್ಷ ಓದಿದ ಪುಸ್ತಕ, ಒಂದು ಅಕ್ಷರ ಹತ್ತಲಿಲ್ಲ ನನಗೆ.

ಥ್ಯಾಂಕ್ಸ್ ಹೇಳಿ ಇಟ್ಳು. ಬೆಟ್ಟದ ಕಡೆ ನೋಡಿದ್ಲು. ಮೂಗು ಒರೆಸ್ಕೊಂಡ್ಲು.

"ಆಗಸ್ಟಿಗೆ ಎರಡು ಹೊಸ ಬಕೆಟ್ ಬೇಕು. ಕಾಡಿಗೆ ಹಣ್ಣು ಕೀಳೋಕೆ ಹೋಗ್ಬೇಕಲ್ಲ. ಹಳೇದು ತೂತಾಗಿದೆ."

"ಇಂಪಿ!"

"ಏನಿಲ್ವಂತೆ ಕಣೋ. ಬರೀ ಕೊಬ್ಬಿನ ಗಂಟು. ಅದರ ಪಾಡಿಗೆ ಅದಿರ್ಲಿ ಅಂದ್ರು."

ಕೂತ್ಕೊಂಡೆ. ಬೆಂಚು ಎಲ್ಲಿದೆ ನೋಡದೇ ಕೂತೆ. ಬೆಂಚು ಇರ್ಲಿಲ್ಲ. ಜಲ್ಲಿ ಮೇಲೆ ಕೂತು ಮಗು ಥರ ಅತ್ತೆ. ಅವಳು ನನ್ನ ತಲೆ ಮೇಲೆ ಕೈಯಿಟ್ಟು ನಿಂತಿದ್ಲು. ಎದೆ ಮೇಲಲ್ಲ... ನನ್ನ ತಲೆ ಮೇಲೆ.

"ಪಾಪ, ಆ ಹುಡುಗಿ ಗುರುವಾರ ಎರಡು ಸಲ ಮಾಡಿದ್ಳಂತೆ," ಅಂದ್ಲು ಆಮೇಲೆ. "ಹಬ್ಬಕ್ಕೆ ಮುಂಚೆ ಒಳ್ಳೇ ಸುದ್ದಿ ಹೇಳಿಬಿಡೋಣ ಅಂತ."


ಅದೇ ದಿನ, ಸಂಜೆ 6. ಉತ್ಸ್‌ಯೊಕಿ

ಜಗಳ! ಎಂಥ ಜಗಳ! ಹತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಜಗಳ ಆಡಿರ್ಲಿಲ್ಲ. ಕಾರಿನ ಗಾಜಿಗೆ ಮೆತ್ಕೊಂಡಿರೋ ಸೊಳ್ಳೆ ಯಾರು ಒರೆಸ್ಬೇಕು ಅಂತ.

"ಓಡ್ಸೋನು ನೀನು, ಕೊಂದೋನು ನೀನು. ಹೆಣ ಎತ್ತೋಳು ನಾನಾ?"

"ದಾರಿ ಹೇಳಿದ್ದು ನೀನು. ಕೊಲೆಗೆ ಪ್ರಚೋದನೆ!"

"ಒರ್ಸು!"

ಒರೆಸ್ದೆ. ಮೂರು ವಾರ ಇಬ್ರೂ ಗಾಜಿನ ಲೋಟ ಹಿಡಿದ ಹಾಗೆ ಮಾತಾಡ್ತಿದ್ವಿ. ಇವತ್ತು ಬಾಯಿಗೆ ಬಂದ ಹಾಗೆ. ಅವಳು ಮೂರು ಡೋನಟ್ ತಿಂದ್ಲು, ಎಲ್ಲರ ಮುಂದೆ, ಬಾತುಕೋಳಿ ಥರ ಕತ್ತು ಎತ್ತಿ. ನಾನೂ ತಿನ್ನೋಕೆ ಹೋದೆ. ಗಂಟಲಲ್ಲಿ ಇಳೀಲಿಲ್ಲ.

ಅವಳ ಗಂಟು ಏನೂ ಅಲ್ಲ ಅಂತಾಯ್ತು. ನಂದು ಇದೆ.


ಜೂನ್ 25, ಮಂಗಳವಾರ. ಮಧ್ಯಾಹ್ನ. ರಿಸ್ತಿನ್ ಅಂಗಡಿ

ಇಂಪಿ ಕಥೆ ಹೇಳ್ತಿದಾಳೆ. ನಂಬೋಕಾಗ್ತಿಲ್ಲ. ಜನ್ಮದಲ್ಲಿ ನಾಲ್ಕು ಜನರ ಮುಂದೆ ಬಾಯಿ ತೆಗೆಯದವಳು, ನಾರ್ವೆ ಗಂಟೆ ಕಥೇನ ಬೆಳಗಿಂದ ಮೂರು ಸಲ ಹೇಳಿದಾಳೆ. ರಿಸ್ತಿನ್‌ಗೆ, ಹಾಲಿನ ಲಾರಿಯವನಿಗೆ, ದಾರೀಲಿ ಹೋಗೋ ಸೈಕಲ್‌ನವರಿಗೆ. ಪ್ರತಿ ಸಲ ಒಂದು ಚೂರು ಉಪ್ಪು ಖಾರ ಹೆಚ್ಚಾಗುತ್ತೆ. ನನ್ನ ಪೊದೇನೂ ಬೆಳೀತಾ ಇದೆ. ಈಗ ಅದು ಕಾಡು.

"ನಮ್ಮ ಯಜಮಾನ್ರು ಕಾಡಲ್ಲಿ ಉಚ್ಚೆ ಹೊಯ್ತಾ ಇದ್ರು, ನಾನು ಪೆದ್ದಿ ನದೀಲಿ ಕಾಲು ಅಲ್ಲಾಡಿಸ್ತಾ ಇದ್ದೆ, ಫೋನು ಪಾಪ ಒಂಟಿಯಾಗಿ ಹೊಡ್ಕೋತಾ ಇತ್ತು!"

ಎಲ್ರೂ ನಗ್ತಾರೆ. ಕೊನೇಲಿ ತಪ್ಪದೆ ಒಂದು ಮಾತು ಸೇರಿಸ್ತಾಳೆ. "ನನ್ನ ಪೆದ್ದತನಕ್ಕೆ ನಾಲ್ಕು ದಿನ ಇವನೂ ನರಳ್ದ, ಪಾಪ."

ನಾಲ್ಕನೇ ಸಲ ಆ 'ಪಾಪ' ಕೇಳೋಕೆ ನನ್ನ ಕೈಲಾಗಲ್ಲ. ಹೇಳ್ತೀನಿ. ನಾಳೆ.

ಹೇಳ್ದೇ ಇದ್ರೂ ನಡೆಯುತ್ತೆ. ಯಾರಿಗೂ ಗೊತ್ತಾಗಲ್ಲ. ಎಲ್ಲರೂ ಮಾಡೋ ತಪ್ಪು. ಅದೇ ತೊಂದ್ರೆ.


ಜೂನ್ 26, ಬುಧವಾರ. ಮಧ್ಯಾಹ್ನ 2:20. ತೇನೊ ರಸ್ತೆ ಪಕ್ಕದ ಮರದ ಚಪ್ಪರ

ಒಬ್ಬನೇ ಇದೀನಿ. ಕಾರಿಲ್ಲ. ಹೆಂಡತಿ ಇಲ್ಲ. ಫೋನಿಲ್ಲ. ಕೈಗಡಿಯಾರ ಒಂದನ್ನ ವಾಪಸ್ ಕೊಟ್ಟು ಹೋಗಿದಾಳೆ.

ಬೆಂಕಿ ಹಾಕಿ ಸಾಸೇಜ್ ಸುಡ್ತಿದ್ವಿ. ಹೇಳ್ದೆ.

"ಇಂಪಿ, ಗುರುವಾರ ಫೋನು ಹೊಡ್ಕೊಂಡಾಗ ನಾನು ಪೊದೆ ಹಿಂದೆ ಇರ್ಲಿಲ್ಲ. ಮೇಜಿನ ಹತ್ರಾನೇ ಇದ್ದೆ."

"ಹೂಂ. ಕಿವಿ ಸರಿಯಿಲ್ಲ ನಿಂದು."

"ಕೇಳಿಸ್ತು."

ಕಡ್ಡಿ ತಿರುಗಿಸಿದ್ಲು. ಸಾಸೇಜಿನ ಇನ್ನೊಂದು ಮಗ್ಗುಲು.

"ಇದು ಜೋಕಾ?"

"ಅಲ್ಲ."

"ನನ್ನ ಮುಖ ನೋಡಿ ಹೇಳು."

ನೋಡಿ ಹೇಳ್ದೆ.

"ಎರಡು ಸಲಾನೂ?"

"ಎರಡು ಸಲಾನೂ. ಟೋಪಿ ಮುಚ್ಚಿಟ್ಟಿದ್ದೆ. ಗಂಟೆ ವ್ಯತ್ಯಾಸಾನೂ ಗೊತ್ತಿತ್ತು. ನಿನಗೆ ಹೇಳ್ಲಿಲ್ಲ."

"ಯಾಕೆ?"

"ನಿನ್ನ ಹಬ್ಬ ಕೆಡಬಾರ್ದು ಅಂತ."

"ಯಾರ ಹಬ್ಬ?"

ಬೆಂಕಿ ಚಿಟಚಿಟ ಅಂತಿತ್ತು. "ನಂದು," ಅಂದೆ. "ಹೆದರ್ಕೊಂಡಿದ್ದೆ. ನೀನು ಹಾಡ್ತಾ ಇದ್ದೆ."

ಕಡ್ಡಿ ಬೆಂಕಿಯಿಂದ ಈಚೆ ತೆಗೆದ್ಲು. ಆಮೇಲೆ ನಿಧಾನವಾಗಿ, ಬೈಯೋ ದನಿಯೇ ಅಲ್ಲ:

"ನಾಲ್ಕು ದಿನ ನಾನು ಸತ್ತಿದ್ದೆ ಓಯ್ವಾ. ನಿನ್ನ ಪಕ್ಕದಲ್ಲೇ. ಆಲೂಗಡ್ಡೆ ಸುಲೀತಾ. ನನ್ನ ಬಟ್ಟೆ ಯಾರಿಗೆ ಕೊಡೋದು ಅಂತಾನೂ ಯೋಚ್ನೆ ಮಾಡಿಟ್ಟಿದ್ದೆ. ಒಳ್ಳೇ ಸುದ್ದಿ ಆ ಮೇಜಿನ ಮೇಲಿತ್ತು. ನೀನು ಅದರ ಮೇಲೆ ಟೋಪಿ ಇಟ್ಟೆ."

ಸಾಸೇಜ್ ಪೂರ್ತಿ ತಿಂದ್ಲು, ಸಾಸಿವೆ ಸಮೇತ. ಕೈ ಒರೆಸ್ಕೊಂಡು ಎದ್ಲು.

"ಕಾರಿನ ಕೀ ಕೊಡು."

ಕೊಟ್ಟೆ. ಸೊಳ್ಳೆ ಪರದೆ ಟೋಪಿ ನನ್ನ ಕಡೆ ಎಸೆದ್ಲು. ಉಳಿದ ಸಾಸೇಜ್ ಪೊಟ್ಟಣ ಬೆಂಚಿನ ಮೇಲಿಟ್ಲು.

"ಫೋನ್?" ಅಂದೆ.

"ಯಾಕೆ? ನೀನು ಎತ್ತಲ್ವಲ್ಲ."

ಕಾರಲ್ಲಿ ಕೂತು, ಸೀಟು ಮುಂದಕ್ಕೆ ಎಳ್ಕೊಂಡು, ಕಿಟಕಿ ಇಳಿಸಿದ್ಲು.

"ಆರು ಗಂಟೆಗೆ ಬರ್ತೀನಿ."

"ಫಿನ್‌ಲೆಂಡ್ ಆರಾ, ನಾರ್ವೆ ಆರಾ?"

"ಹೇಳಲ್ಲ," ಅಂದ್ಲು. ಹೋದ್ಲು. ಎಷ್ಟು ಚೆನ್ನಾಗಿ ಗೇರ್ ಹಾಕ್ತಾಳೆ!


4:30

ಸೌದೆ ಸೀಳ್ತಾ ಇದೀನಿ. ಮುಂದೆ ಬರೋರಿಗೆ ಒಂದಿಷ್ಟು ಸೀಳಿಟ್ಟು ಹೋಗೋದು ಇಲ್ಲಿನ ಪದ್ಧತಿ. ಮುಂದಿನ ಚಳಿಗಾಲದವರೆಗೆ ಸಾಕಾಗೋಷ್ಟು ಸೀಳಿದೀನಿ.

ಒಂದು ನಾರ್ವೆ ಗಂಡ ಹೆಂಡ್ತಿ ಬಂದು ಕಾಫಿ ಕಾಸ್ಕೊಂಡ್ರು. ಕಾರೆಲ್ಲಿ ಅಂತ ಕೇಳಿದ್ರು. ಸುಳ್ಳು ಐದಾರು ನಾಲಿಗೆ ತುದೀಲಿದ್ವು, ಒಳ್ಳೊಳ್ಳೇವು. ನಿಜಾನೇ ಹೇಳ್ದೆ, ಮೊದಲಿಂದ ಕೊನೇ ತನಕ.

"ಬಂದೇ ಬರ್ತಾರೆ," ಅಂದ ಗಂಡ.

"ನಾನಾಗಿದ್ರೆ ಬರ್ತಿರ್ಲಿಲ್ಲ," ಅಂದ್ಲು ಹೆಂಡತಿ.

ಅವನು ಅವಳ ಕಡೆ ನೋಡಿ ಕಾಫಿ ಲೋಟಾನ ಎರಡು ಕೈಲಿ ಹಿಡ್ಕೊಂಡ. ಊರಿಗೆ ಬಿಡ್ತೀವಿ ಬನ್ನಿ ಅಂದ್ರು. ಬೇಡ ಅಂದೆ. ಜಾಗ ಬಿಟ್ರೆ ಶಿಕ್ಷೆ ಮುರಿದ ಹಾಗೆ. ಹೋಗೋವಾಗ ಆಯಮ್ಮ ಒಂದು ಬಿಸ್ಕತ್ ಕೊಟ್ಳು. ಅರ್ಧ.

ವಿಚಿತ್ರ. ಹೆಂಡತಿ ಬಿಟ್ಟು ಹೋಗಿದಾಳೆ, ಸೊಳ್ಳೆ ತಿಂತಾ ಇದೆ, ಬೆನ್ನು ಮುರೀತಿದೆ... ಹಗುರ ಆಗಿದೀನಿ. ಮಿಕ್ಕಿದ್ದ ಸಾಸೇಜ್ ಎರಡೂ ತಿಂದೆ. ಇಳೀತು.


6:00

ಫಿನ್‌ಲೆಂಡ್ ಆರು. ರಸ್ತೆ ಖಾಲಿ.


6:10

ಹಾಗಾದ್ರೆ ನಾರ್ವೆ ಆರು. ಅಂದ್ರೆ ನಮ್ಮ ಏಳು. ಇನ್ನೈವತ್ತು ನಿಮಿಷ.

ಬರ್ದೇ ಇದ್ರೆ? ನಾಲ್ಕು ದಿನ ಅವಳು ಹೀಗೇ ಕೂತಿದ್ಲು. ನನಗೆ ನಾಲ್ಕು ಗಂಟೆಗೇ ಕಿವಿ ರಸ್ತೆಯಷ್ಟು ಉದ್ದ ಆಗಿದೆ. ಪ್ರತಿ ಗಾಡಿಗೂ ಎದ್ದು ನಿಲ್ತೀನಿ. ಒಂದು ಲಾರಿಗೆ ಕೈ ಬೀಸ್ದೆ. ಪಾಪ, ಅವನೂ ಬೀಸ್ದ.


6:30

ತಿರುವಿನ ಹತ್ರ ಏನೋ ಹೊಳೀತು.

ನಮ್ಮದೇ. ನೀಲಿ. ಗಾಜು ಪಳಪಳ ಅಂತಿದೆ, ಒಂದು ಸೊಳ್ಳೇನೂ ಇಲ್ಲ... ಒರೆಸಿದಾಳೆ.

ಆರೂವರೆ. ಫಿನ್‌ಲೆಂಡ್ ಗಂಟೇನೂ ಅಲ್ಲ, ನಾರ್ವೆ ಗಂಟೇನೂ ಅಲ್ಲ. ಇಂಪಿ ದೇಶದ ಗಂಟೆ. ಇನ್ಮೇಲೆ ಅದೇ ನನ್ನ ಗಂಟೆ. ಏಳೋಕಾಗ್ತಿಲ್ಲ, ಕಾಲು ಜೋಮು ಹಿಡಿದಿದೆ. ಪುಸ್ತಕ ಮುಚ್ಚೋಕೂ ಆಗ್ತಿಲ್ಲ. ಕಾರು ನಿಂತಿತು. ಹಿಂದಿನ ಸೀಟಲ್ಲಿ ಎರಡು ಹೊಸ ಬಕೆಟ್. ಕಿಟಕಿ ಇಳೀತಿದೆ. ಏನೋ ಹೇಳ್ತಾ ಇದಾಳೆ...